ಕಂಬಳಿಗೆ ನುಸಿ: ಬೇವಿನ ಸೊಪ್ಪು ಸಾಕೇ?

ಪ್ರಶ್ನೆ: ಪೆಟ್ಟಿಗೆಯಲ್ಲಿಟ್ಟ ಕಂಬಳಿ, ರೇಷ್ಮೆ ಸೀರೆಗೆ ನುಸಿ ಹಿಡಿಯದಿರಲು ಬೇವಿನ ಸೊಪ್ಪು ಸಾಕೇ?
– ಓದುಗರು, ಕಟ್ಟೆಮಳಲವಾಡಿ, ಹುಣಸೂರು ತಾಲ್ಲೂಕು

ಉತ್ತರ: ಸಾಲದು. ಬಟ್ಟೆ ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳು. ಉಣ್ಣೆಯ ಕೆರಾಟಿನ್ ಪ್ರೋಟೀನು ಅದರ ಆಹಾರ. ಬೆವರು, ಎಣ್ಣೆಯ ಕಲೆಯಿದ್ದರೆ ಇನ್ನೂ ಇಷ್ಟ. ಹಾಗಾಗಿಯೇ ತೂತು ಹೆಚ್ಚಾಗಿ ಕಲೆಯಾದಲ್ಲಿ, ಮಡಿಕೆಯ ಸಂದಿಯಲ್ಲಿ ಕಾಣುತ್ತದೆ. ಆದ್ದರಿಂದ ವಾಸನೆಗಿಂತ ಶುಚಿತ್ವ ಮುಖ್ಯ. ಅಜ್ಜಿಯರ ಕಾಲದಲ್ಲಿ ಬೇವಿನಿಂದಲೇ ಬಟ್ಟೆ ಉಳಿಯಿತಲ್ಲ ಎನ್ನಬಹುದು. ಆದರೆ ಸೊಪ್ಪಿನ ಜೊತೆಗೆ ಕಂಬಳಿಯನ್ನು ಬಿಸಿಲಿಗೆ ಹಾಕಿ ಕೊಡವುವ ರೂಢಿಯೂ ಇತ್ತು. ಮೊಟ್ಟೆ, ಹುಳು ಉದುರುವುದು ಅದರಿಂದ. ನುಸಿಗುಳಿಗೆಯ ಆವಿ ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಷ್ಟೇ ಕೆಲಸ ಮಾಡುತ್ತದೆ. ಎಳೆಗೂಸಿನ ಬಟ್ಟೆಗೆ ಅದು ಬೇಡವೇ ಬೇಡ. ಕೆಲವು ಮಕ್ಕಳಲ್ಲಿ ಕೆಂಪು ರಕ್ತಕಣ ಒಡೆಯುವ ಅಪಾಯವಿದೆ. ಮೈಸೂರು ಸಿಲ್ಕ್ ಸೀರೆಯನ್ನು ನೆರಳಲ್ಲಿ ಗಾಳಿಗೆ ಹರವಿ, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಆಗಾಗ ಮಡಿಕೆ ಬದಲಿಸಿ.