ಮಳೆ-ಗಾಳಿಗಳ ಒರೆಗಲ್ಲಿನಲ್ಲಿ ಮೇಲಂಗಿ

ಅನ್ನ, ಅರಿವೆ, ಆಸರೆ ಎಂಬ ಮೂರು ಅವಶ್ಯಕತೆಗಳಲ್ಲಿ ಅರಿವೆಯನ್ನು ನಾವು ಸಾಮಾನ್ಯವಾಗಿ ಮಾನ ಮತ್ತು ಅಂದಗಳ ದೃಷ್ಟಿಯಿಂದಲೇ ನೋಡುತ್ತ ಬಂದಿದ್ದೇವೆ. ಬಯಲುನಾಡಿನಲ್ಲಿ, ಮನೆಯ ಮಾಡು ಕೂಗಳತೆಯಲ್ಲಿರುವಾಗ, ಅಷ್ಟು ಸಾಕು. ಬೆಟ್ಟ, ಕಾಡು, ಹಿಮಗಿರಿಗಳ ದಾರಿ ಹಿಡಿದವನಿಗಾದರೋ ಮೈಮೇಲಿನ ಅರಿವೆಯೇ ಆಸರೆಯೂ ಆಗಬೇಕಾಗುತ್ತದೆ. ಅಂಥ ಅರಿವೆಯ ಬಗೆಗೆ ಅರಿವಿಲ್ಲದೆ ಹೊರಡುವುದು ಅಪಾಯವನ್ನು ಆಹ್ವಾನಿಸಿದಂತೆ.

ಈಚಿನ ವರ್ಷಗಳಲ್ಲಿ ನಮ್ಮ ಕುಟುಂಬಗಳಿಂದ ಹಿಮಾಲಯಕ್ಕೆ ಹೋಗುವವರು ಹೆಚ್ಚಿದ್ದಾರೆ. ಹಿರಿಯರು ಕೇದಾರದ ದರ್ಶನಕ್ಕೆ ಹೊರಡುತ್ತಾರೆ; ಮಕ್ಕಳು ಮೊಮ್ಮಕ್ಕಳು ಚಾರಣಕ್ಕೆ ಹೊರಡುತ್ತಾರೆ. ಅಂಗಡಿಗೆ ಹೋಗಿ 'ವಾಟರ್‌ಪ್ರೂಫ್' ಎಂಬ ಚೀಟಿಯುಳ್ಳ ಜಾಕೆಟ್ಟೊಂದನ್ನು ಕೊಂಡುಬಿಟ್ಟರೆ ಸಿದ್ಧತೆ ಮುಗಿಯಿತೆಂಬ ಭಾವನೆ ಬಲವಾಗಿದೆ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಎಂಬ ಎತ್ತರದ ಸರೋವರದ ಕಡೆಗೆ ಹೋಗಿದ್ದ 22 ಜನರ ತಂಡವೊಂದು ಹಿಮಗಾಳಿಗೆ ಸಿಲುಕಿ, 9 ಮಂದಿ ಅಸುನೀಗಿದರು. ತಂಡದ ಬಹುಪಾಲು ಜನ ಕರ್ನಾಟಕದವರು. ಆ ದುರಂತದ ಕಾರಣವನ್ನು ಬಟ್ಟೆಯ ಮೇಲೆ ಹೊರಿಸುವುದು ಸಲ್ಲದು. ಆದರೆ ಮಳೆ, ಗಾಳಿ, ಹಿಮಗಳ ಎದುರು ಮೇಲಂಗಿಯೊಂದು ಎಷ್ಟು ಹೊತ್ತು, ಎಷ್ಟರಮಟ್ಟಿಗೆ ನಮ್ಮನ್ನು ಕಾಯಬಲ್ಲುದು ಎಂಬುದನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕಾದ ಕಾಲವಿದು. ಅದನ್ನು ಹಿಂದೆ ಪರೀಕ್ಷಿಸಿದವರ ವೃತ್ತಾಂತವನ್ನೂ ನಮ್ಮದೇ ಆದ ಅಲ್ಪ ಪರೀಕ್ಷೆಯನ್ನೂ ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಹೊರಗಿನ ನೀರು, ಒಳಗಿನ ನೀರು

ಮನುಷ್ಯನ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಅದು 35 ಡಿಗ್ರಿಗಿಂತ ಕೆಳಗಿಳಿದ ಸ್ಥಿತಿಗೆ ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ಮೊದಲು ತಡೆಯಲಾರದ ನಡುಕ, ಅನಂತರ ಕಾಲು ಎಡವುವುದು, ಮಾತು ತೊದಲುವುದು, ಬುದ್ಧಿ ಮಂಕಾಗುವುದು. ಕೊನೆಗೆ ನಡುಕವೂ ನಿಂತು ಎಚ್ಚರ ತಪ್ಪುವುದು. ಇದಕ್ಕೆ ಹಿಮವೇ ಬೀಳಬೇಕೆಂದಿಲ್ಲ. ಹತ್ತು ಡಿಗ್ರಿಯ ಹವೆಯಲ್ಲಿಯೂ ಮೈ ನೆನೆದು ಗಾಳಿ ಬೀಸಿದರೆ ಸಾಕು. ಬಟ್ಟೆ ನಮ್ಮನ್ನು ಬೆಚ್ಚಗಿಡುವುದು ತನ್ನ ಎಳೆಗಳ ನಡುವೆ ಹಿಡಿದಿಟ್ಟ ನಿಶ್ಚಲ ಗಾಳಿಯಿಂದ. ಬಟ್ಟೆ ನೆನೆದಾಗ ಆ ಗಾಳಿಯ ಸ್ಥಾನವನ್ನು ನೀರು ಆಕ್ರಮಿಸುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ವೇಗವಾಗಿ ಶಾಖವನ್ನು ಸಾಗಿಸುತ್ತದೆ.

ಹೀಗಿರುವಾಗ ನೀರನ್ನು ತಡೆಯುವ ಬಟ್ಟೆಯೊಂದಿದ್ದರೆ ಸಮಸ್ಯೆ ತೀರಿತಲ್ಲವೇ ಎಂದು ಕೇಳಬಹುದು. ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿ ಅದನ್ನೇ ಮಾಡಿದನು. ನಾಫ್ತಾದಲ್ಲಿ ಕರಗಿಸಿದ ರಬ್ಬರನ್ನು ಎರಡು ಬಟ್ಟೆಗಳ ನಡುವೆ ಅಂಟಿಸಿ ಹಕ್ಕುಪತ್ರ ಪಡೆದನು. ಮಳೆ ಒಳಗೆ ಬರಲಿಲ್ಲ. ಆದರೆ ಬೆವರು ಹೊರಗೆ ಹೋಗಲಿಲ್ಲ. ತೊಟ್ಟು ನಡೆದವನು ತನ್ನದೇ ಬೆವರಿನಲ್ಲಿ ನೆನೆದನು. ಇಂದು ನಾವು ಕೊಳ್ಳುವ ಅಗ್ಗದ ಪ್ಲಾಸ್ಟಿಕ್ ರೇನ್‌ಕೋಟಿನದೂ ಇದೇ ಅವಸ್ಥೆ. ಬಸ್‌ ನಿಲ್ದಾಣದಿಂದ ಮನೆಗೆ ಹೋಗಲು ಅದು ಸಾಕು, ಬೆಟ್ಟವೇರುವವನಿಗೆ ಸಾಲದು.

ಈ ಒಗಟಿಗೆ ಜನಪದರು ಹಿಂದೆಯೇ ತಮ್ಮದೇ ಉತ್ತರಗಳನ್ನು ಕಂಡುಕೊಂಡಿದ್ದರು. ಉತ್ತರಧ್ರುವ ಪ್ರದೇಶದ ಜನ ಸೀಲ್, ವಾಲ್ರಸ್ ಮುಂತಾದ ಪ್ರಾಣಿಗಳ ಕರುಳನ್ನು ಒಣಗಿಸಿ ಹೊಲಿದ ಹಗುರವಾದ ಮಳೆಯಂಗಿಯನ್ನು ತೊಡುತ್ತಿದ್ದರು. ನಮ್ಮ ರೈತರ ಕಂಬಳಿಯ ಕೊಪ್ಪೆಯೂ ಇದೇ ಜಾತಿಯದು. ಕುರಿಯ ಉಣ್ಣೆಯಲ್ಲಿ ಸಹಜವಾಗಿಯೇ ಜಿಡ್ಡಿನ ಅಂಶವಿರುವುದರಿಂದ ಮಳೆಹನಿ ಬೇಗನೆ ಇಳಿಯದು. ನೆನೆದ ಮೇಲೂ ಉಣ್ಣೆ ಸ್ವಲ್ಪಮಟ್ಟಿಗೆ ಬೆಚ್ಚಗಿರುತ್ತದೆ.

ಧ್ರುವದಿಂದ ಎವರೆಸ್ಟಿಗೆ

ಇಂಗ್ಲೆಂಡಿನ ಥಾಮಸ್ ಬರ್ಬೆರಿ 1879ರಲ್ಲಿ ಗ್ಯಾಬರ್ಡೀನ್ ಎಂಬ ಬಟ್ಟೆಯನ್ನು ರೂಪಿಸಿ 1888ರಲ್ಲಿ ಹಕ್ಕುಪತ್ರ ಪಡೆದನು. ನೇಯ್ದ ಬಟ್ಟೆಗೆ ಲೇಪ ಹಚ್ಚುವ ಬದಲು ನೂಲನ್ನೇ ಮೊದಲು ಜಲನಿರೋಧಕವಾಗಿಸಿ, ಅನಂತರ ಒತ್ತಾಗಿ ನೇಯುವುದು ಅದರ ಗುಟ್ಟು. ಗಾಳಿಯನ್ನು ತಡೆಯುವ, ಬೆವರಿನ ಆವಿಯನ್ನು ಬಿಡುವ ಈ ಬಟ್ಟೆಯನ್ನು ದಕ್ಷಿಣಧ್ರುವಕ್ಕೆ ಹೋದವರೂ ಎವರೆಸ್ಟ್ ಏರಹೊರಟವರೂ ತೊಟ್ಟರು. ಅಂದಿನ ಸಾಹಸಯಾತ್ರೆಗಳೇ ಬಟ್ಟೆಯ ಪರೀಕ್ಷಾಶಾಲೆಗಳಾಗಿದ್ದವು.

ನಾರ್ವೆಯ ರೋಲ್ಡ್ ಅಮುಂಡ್ಸೆನ್ 1903ರಿಂದ 1905ರವರೆಗೆ ನೆಟ್ಸಿಲಿಕ್ ಜನರ ನಡುವೆ ಚಳಿಗಾಲಗಳನ್ನು ಕಳೆದು, ಅವರ ಚರ್ಮದುಡುಗೆಯ ಮರ್ಮವನ್ನು ಶಿಷ್ಯನಂತೆ ಕಲಿತನು. ಉಡುಪು ಸಡಿಲವಾಗಿರಬೇಕು, ಬೆವರದಂತೆ ನಡೆಯಬೇಕು ಎಂಬ ಪಾಠವನ್ನು ಆತ ಮರೆಯಲಿಲ್ಲ. 1911ರ ಡಿಸೆಂಬರ್ 14ರಂದು ದಕ್ಷಿಣಧ್ರುವವನ್ನು ಮುಟ್ಟಿ, ತನ್ನೊಡನೆ ಬಂದವರೆಲ್ಲರನ್ನೂ ಕ್ಷೇಮವಾಗಿ ಹಿಂದಕ್ಕೆ ಕರೆತಂದನು. ಆ ಯಶಸ್ಸಿಗೆ ನಾಯಿಗಾಡಿ, ಆಹಾರದ ಸಂಗ್ರಹ ಮೊದಲಾದ ಅನೇಕ ಕಾರಣಗಳುಂಟು, ಉಡುಪು ಅವುಗಳಲ್ಲೊಂದು.

ಇದಕ್ಕಿಂತ ಬೋಧಪ್ರದವಾದುದು ಜಾರ್ಜ್ ಮ್ಯಾಲರಿಯ ಪ್ರಸಂಗ. 1924ರ ಜೂನ್ 8ರಂದು ಎವರೆಸ್ಟಿನ ತುದಿಯತ್ತ ಹೊರಟ ಮ್ಯಾಲರಿ ಮತ್ತು ಆತನ ಕಿರಿಯ ಸಂಗಾತಿ ಆಂಡ್ರೂ ಇರ್ವಿನ್ ಮರಳಿ ಬರಲಿಲ್ಲ. 1999ರ ಮೇ 1ರಂದು, 8,100 ಮೀಟರಿಗೂ ಮಿಗಿಲಾದ ಎತ್ತರದಲ್ಲಿ, ಮ್ಯಾಲರಿಯ ದೇಹ ದೊರೆಯಿತು. 75 ವರ್ಷಗಳ ಹಿಮದಲ್ಲಿಯೂ ಉಳಿದಿದ್ದ ಬಟ್ಟೆಯ ತುಣುಕುಗಳನ್ನು ವಿದ್ವಾಂಸರು ಎಳೆ ಎಳೆಯಾಗಿ ಪರಿಶೀಲಿಸಿದರು. ರೇಷ್ಮೆ, ಹತ್ತಿ, ಉಣ್ಣೆಗಳ ತೆಳುವಾದ ಪದರಗಳು, ಅವುಗಳ ಮೇಲೆ ಗ್ಯಾಬರ್ಡೀನ್ ಮೇಲಂಗಿ: ಇದು ಅವನ ಉಡುಗೆ. ಅದೇ ನೂಲು, ಅದೇ ನೇಯ್ಗೆಯಿಂದ ಅದರ ಪ್ರತಿರೂಪವನ್ನು ಸಿದ್ಧಪಡಿಸಲಾಯಿತು. 2006ರಲ್ಲಿ ಗ್ರಹಾಂ ಹೊಯ್ಲೆಂಡ್ ಎಂಬ ಪರ್ವತಾರೋಹಿ ಅದನ್ನು ತೊಟ್ಟು ಎವರೆಸ್ಟಿನ ಉತ್ತರ ಪಾರ್ಶ್ವದಲ್ಲಿ ನಡೆದು ನೋಡಿದರು. ಇವರು 1924ರ ತಂಡದಲ್ಲಿದ್ದ ಹೊವಾರ್ಡ್ ಸೋಮರ್‌ವೆಲ್ ಅವರ ಬಂಧುಗಳು. ಆ ಸೋಮರ್‌ವೆಲ್ ಮುಂದೆ ದಕ್ಷಿಣ ಭಾರತದ ನೆಯ್ಯೂರಿನಲ್ಲಿ ದಶಕಗಳ ಕಾಲ ವೈದ್ಯರಾಗಿ ಸೇವೆ ಸಲ್ಲಿಸಿದವರು.

ಹೊಯ್ಲೆಂಡರ ಪರೀಕ್ಷೆಯ ಫಲ ಅನೇಕರ ನಿರೀಕ್ಷೆಗೆ ವಿರುದ್ಧವಾಗಿತ್ತು. ಹಳೆಯ ಉಡುಪು ಹಗುರವಾಗಿಯೂ ಬೆಚ್ಚಗೂ ಚಲನೆಗೆ ಅನುಕೂಲವಾಗಿಯೂ ಇತ್ತು. ಹವೆ ಒಳ್ಳೆಯದಿದ್ದು, ನಡೆಯುತ್ತಲೇ ಇದ್ದರೆ ಅದು ಸಾಲುತ್ತಿತ್ತು. ಆದರೆ ಹವೆ ಕೆಟ್ಟಿದ್ದರೆ, ಅಥವಾ ರಾತ್ರಿಯನ್ನು ಬಯಲಲ್ಲಿ ಕಳೆಯಬೇಕಾಗಿ ಬಂದಿದ್ದರೆ, ಆ ಉಡುಪಿನಲ್ಲಿ ಬದುಕುಳಿಯುವುದು ಅಸಾಧ್ಯವೆಂಬುದು ಅವರ ತೀರ್ಮಾನವಾಗಿತ್ತು. ನಡೆಯುವ ದೇಹ ತನ್ನ ಶಾಖವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ನಿಂತ ದೇಹದ ಶಾಖವನ್ನು ಬಟ್ಟೆ ಸ್ವಲ್ಪ ಕಾಲ ಮಾತ್ರ ಕಾಪಾಡುತ್ತದೆ. ಮೇಲಂಗಿ ನಮಗೆ ಕೊಡುವುದು ಕಾಲಾವಕಾಶ ಎಂಬ ಮಾತನ್ನು ಓದುಗರು ವಿಶೇಷವಾಗಿ ಗಮನಿಸಬೇಕು.

ಸೂಕ್ಷ್ಮರಂಧ್ರಗಳ ಚಮತ್ಕಾರ

ಇಂದಿನ ಮೇಲಂಗಿಯ ತಿರುಳು ಒಂದು ತೆಳುವಾದ ಪೊರೆ. ಅಮೆರಿಕದ ರಾಬರ್ಟ್ ಗೋರ್ 1969ರಲ್ಲಿ, ಅಡುಗೆಪಾತ್ರೆಗಳ ಲೇಪದಿಂದ ನಮಗೆ ಪರಿಚಿತವಾದ ಟೆಫ್ಲಾನ್ ಜಾತಿಯ ವಸ್ತುವನ್ನು ಕಾಯಿಸಿ ಥಟ್ಟನೆ ಎಳೆದಾಗ, ಅದು ಅಸಂಖ್ಯ ಸೂಕ್ಷ್ಮರಂಧ್ರಗಳುಳ್ಳ ಪೊರೆಯಾಗಿ ಹಿಗ್ಗಿತು. ಆ ರಂಧ್ರಗಳು ನೀರಿನ ಹನಿಗಿಂತ ಸಾವಿರಾರು ಪಟ್ಟು ಚಿಕ್ಕವು, ನೀರಾವಿಯ ಅಣುವಿಗಿಂತ ನೂರಾರು ಪಟ್ಟು ದೊಡ್ಡವು. ಆದಕಾರಣ ಮಳೆ ಹೊರಗೇ ಉಳಿಯುತ್ತದೆ, ಬೆವರು ಆವಿಯಾಗಿ ಹೊರಬೀಳುತ್ತದೆ. 1970ರ ದಶಕದ ಉತ್ತರಾರ್ಧದಲ್ಲಿ ಇದು ಗೋರ್‌ಟೆಕ್ಸ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಈಗ ಬೇರೆ ಬೇರೆ ಹೆಸರುಗಳ ಪೊರೆಗಳೂ ದೊರೆಯುತ್ತವೆ.

ಪ್ರಯೋಗಶಾಲೆಯಲ್ಲಿ ಬಟ್ಟೆಯ ಮೇಲೆ ನೀರಿನ ಒತ್ತಡವನ್ನು ಹೆಚ್ಚಿಸುತ್ತ ಹೋಗಿ, ಮೂರು ಕಡೆ ಹನಿ ಮೂಡಿದಾಗಿನ ಒತ್ತಡವನ್ನು ಅಳೆಯುತ್ತಾರೆ. ಚೀಟಿಯಲ್ಲಿ 10,000 ಮಿಲಿಮೀಟರ್ ಎಂದು ಬರೆದಿದ್ದರೆ, ಹತ್ತು ಮೀಟರ್ ಎತ್ತರದ ನೀರಿನ ಕಂಬದ ಒತ್ತಡವನ್ನು ಆ ಬಟ್ಟೆ ತಾಳಿತೆಂದು ಅರ್ಥ. ಒಂದು ಚದರ ಮೀಟರ್ ಬಟ್ಟೆ 24 ಗಂಟೆಗಳಲ್ಲಿ ಎಷ್ಟು ಗ್ರಾಂ ಆವಿಯನ್ನು ಹೊರಬಿಟ್ಟಿತೆಂಬುದು ಇನ್ನೊಂದು ಅಂಕಿ. ಆದರೆ ಪ್ರಯೋಗಶಾಲೆಯ ತುಂಡು ಬಟ್ಟೆಗೆ ಜಿಪ್ ಇಲ್ಲ, ಹೊಲಿಗೆ ಇಲ್ಲ, ಭುಜವನ್ನು ಒತ್ತುವ ಚೀಲವೂ ಇಲ್ಲ. ನಿಜವಾದ ಪರೀಕ್ಷೆ ಅಲ್ಲಿಂದ ಹೊರಗೆ ಆರಂಭವಾಗುತ್ತದೆ.

ನಾವು ಕಂಡದ್ದು

ಕಳೆದ ಆಷಾಢದಲ್ಲಿ ಆಗುಂಬೆಯ ಸುತ್ತಿನ ಕಾಡುದಾರಿಯಲ್ಲಿ ಇಂಥ ಜಾಕೆಟ್ಟೊಂದನ್ನು ತೊಟ್ಟು ಎರಡು ಗಂಟೆಗಳ ಕಾಲ ಏರಿಳಿದೆವು. ಜೊತೆಗೆ ಬಂದ ಅಧ್ಯಾಪಕ ಮಿತ್ರರು ಪ್ಲಾಸ್ಟಿಕ್ ರೇನ್‌ಕೋಟ್ ತೊಟ್ಟಿದ್ದರು. ದಾರಿ ತೋರಿದ ರೈತರು ಕಂಬಳಿಯ ಕೊಪ್ಪೆ ಹೊದ್ದಿದ್ದರು. ಮಳೆ ಒಂದು ಕ್ಷಣವೂ ಬಿಡಲಿಲ್ಲ. ರೈತರ ಮನೆಯ ಜಗಲಿ ಸೇರಿದ ಮೇಲೆ ಮೂವರೂ ಒಳಗಿನ ಅಂಗಿಗಳನ್ನು ಮುಟ್ಟಿ ನೋಡಿದೆವು. ಅಧ್ಯಾಪಕರ ಅಂಗಿಯನ್ನು ಹಿಂಡಿದರೆ ನೀರು ತೊಟ್ಟಿಕ್ಕಿತು. ಅಷ್ಟೂ ಅವರ ಬೆವರು. ರೈತರ ಬೆನ್ನು ಒಣಗಿತ್ತು, ತೋಳು ನೆನೆದಿದ್ದವು, ಕಂಬಳಿ ನೀರು ಕುಡಿದು ಹೊರೆಯಾಗಿತ್ತು. "ಭಾರವಾದರೇನು ಸ್ವಾಮಿ, ಒಳಗೆ ಬೆಚ್ಚಗಿದೆಯಲ್ಲ" ಎಂದು ಅವರು ನಕ್ಕರು. ನಮ್ಮ ಅಂಗಿ ಎದೆ-ಬೆನ್ನುಗಳಲ್ಲಿ ತುಸು ತೇವವಾಗಿತ್ತು. ಚೀಲದ ಪಟ್ಟಿ ಒತ್ತಿದ ಭುಜಗಳಲ್ಲಿ ಮಾತ್ರ ಹೆಚ್ಚು ನೆನೆದಿತ್ತು. ಕಾಡಿನ ಹವೆಯೇ ತೇವದಿಂದ ತುಂಬಿರುವಾಗ ಬೆವರಿನ ಆವಿ ನಿಧಾನವಾಗಿ ಹೊರಬೀಳುತ್ತದೆಂಬುದೂ ಅನುಭವಕ್ಕೆ ಬಂದಿತು.

ಎರಡನೆಯ ಪರೀಕ್ಷೆ ಕೇದಾರದ ದಾರಿಯಲ್ಲಿ. ಅಲ್ಲಿಯ ರಾವಲರು ವೀರಶೈವ ಜಂಗಮ ಪರಂಪರೆಯವರಾದುದರಿಂದ ನಮ್ಮ ಜನಕ್ಕೆ ಆ ಹಾದಿ ದೂರದ್ದೆನಿಸುವುದಿಲ್ಲ. ಆದರೆ ಗೌರೀಕುಂಡದಿಂದ ಸುಮಾರು 16 ಕಿಲೋಮೀಟರ್ ನಡೆದು, 3,583 ಮೀಟರ್ ಎತ್ತರದ ಕ್ಷೇತ್ರವನ್ನು ಸೇರುವಷ್ಟರಲ್ಲಿ ಸುಮಾರು 1,600 ಮೀಟರ್ ಏರಿರುತ್ತೇವೆ. ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿಯಂತೆ ಉಷ್ಣತೆ ಇಳಿಯುವುದರಿಂದ, ಕೆಳಗಿನ ಹವೆಗೂ ಮೇಲಿನ ಹವೆಗೂ ಹತ್ತು ಡಿಗ್ರಿಯ ಅಂತರವಿರುತ್ತದೆ. ಸೆಪ್ಟೆಂಬರ್ ಕೊನೆಯ ವಾರದಲ್ಲಿ ನಾವು ಹೊರಟಾಗ ಬಿಸಿಲಿತ್ತು. ಜಾಕೆಟ್ ಚೀಲದಲ್ಲಿಯೇ ಇತ್ತು. ಲಿಂಚೋಲಿಯ ಏರಿನಲ್ಲಿ ಮೋಡ ಕವಿದು, ಗಾಳಿಯೊಡನೆ ಮಳೆ ಅಡ್ಡಡ್ಡವಾಗಿ ಹೊಡೆಯಿತು. ಕುದುರೆಯನ್ನು ನಡೆಸಿಕೊಂಡು ಇಳಿಯುತ್ತಿದ್ದ ತರುಣನೊಬ್ಬ ನಮ್ಮ ವೇಗವನ್ನು ಕಂಡು, "ಬಾಬಾ, ಮೆಲ್ಲಗೆ ನಡೆಯಿರಿ, ಬೆವರಿದರೆ ಮೇಲೆ ನಡುಗುತ್ತೀರಿ" ಎಂದು ಹಿಂದಿಯಲ್ಲಿ ಎಚ್ಚರಿಸಿದನು. ಅಮುಂಡ್ಸೆನ್ ಧ್ರುವದ ಜನರಿಂದ ಕಲಿತ ಪಾಠವೂ ಇದೇ ಆಗಿತ್ತು! ಕಂಕುಳ ಕೆಳಗಿನ ಜಿಪ್ ತೆರೆದು, ನಡಿಗೆಯನ್ನು ಇಳಿಸಿ, ಒಳಗೆ ಉಣ್ಣೆಯ ಸ್ವೆಟರನ್ನು ಒಣಗಿದ್ದಂತೆಯೇ ಉಳಿಸಿಕೊಂಡು ಕ್ಷೇತ್ರ ಸೇರಿದೆವು. ಪಕ್ಕದಲ್ಲಿ ನಡೆದಿದ್ದ ದಂಪತಿಗಳು ಹತ್ತಿಯ ಬಟ್ಟೆಯ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಹೊದ್ದಿದ್ದರು. ಗಾಳಿಗೆ ಅದು ಹರಿದು, ತಾಯಿಯವರು ಮಾತನಾಡಲಾರದಷ್ಟು ನಡುಗುತ್ತಿದ್ದರು. ಡೇರೆಯೊಂದರಲ್ಲಿ ಒದ್ದೆ ಬಟ್ಟೆ ಬದಲಿಸಿ, ರಜಾಯಿ ಹೊದಿಸಿ, ಸಿಹಿಯಾದ ಬಿಸಿ ಚಹಾ ಕೊಟ್ಟ ಮೇಲೆ ಅವರು ಚೇತರಿಸಿಕೊಂಡರು. ಆಸರೆ ಹತ್ತಿರದಲ್ಲಿದ್ದುದು ಅವರ ಪುಣ್ಯ. 2013ರ ಜೂನ್ ಪ್ರವಾಹದಲ್ಲಿ ನೀರಿನಿಂದ ಪಾರಾಗಿ ಬೆಟ್ಟಕ್ಕೆ ಓಡಿದವರಲ್ಲಿಯೂ ಕೆಲವರು ಚಳಿ-ಹಸಿವೆಗಳಿಗೆ ತುತ್ತಾದರೆಂಬುದನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ.

ಗೃಹಸ್ಥರಿಗೆ ಕೆಲವು ಸೂಚನೆಗಳು

ಜಾಕೆಟ್ ಕೊಳ್ಳುವಾಗ ಅದನ್ನು ಒಳಮುಖ ಮಾಡಿ ನೋಡಬೇಕು. ಹೊಲಿಗೆಗಳ ಮೇಲೆಲ್ಲ ಪಟ್ಟಿ ಅಂಟಿಸಿರಬೇಕು. ಇಲ್ಲವಾದರೆ ಸೂಜಿಯ ತೂತಿನಿಂದ ನೀರು ಇಳಿಯುತ್ತದೆ. ಟೋಪಿ ತಲೆಯೊಡನೆ ತಿರುಗಬೇಕು, ತೋಳಿನ ತುದಿಯನ್ನು ಬಿಗಿಯಲು ಬರಬೇಕು, ಒಳಗೆ ಸ್ವೆಟರ್ ತೊಟ್ಟರೂ ಸಡಿಲವಾಗಿರಬೇಕು. ಮಳೆಯನ್ನು ತಡೆಯುವ ತೆಳು ಜಾಕೆಟ್ಟಿಗೆ ತನ್ನದೇ ಆದ ಬಿಸುಪಿಲ್ಲ. ಬಿಸುಪನ್ನು ಒಳಗಿನ ಉಣ್ಣೆ ಒದಗಿಸಬೇಕು. ಮೈಗೆ ಹತ್ತಿದ ಬಟ್ಟೆ ಹತ್ತಿಯದಾಗಿರದಿದ್ದರೆ ಒಳ್ಳೆಯದು, ಏಕೆಂದರೆ ನೆನೆದ ಹತ್ತಿ ಬೇಗ ಒಣಗದು.

ಯಾತ್ರೆಗೆ ಮುನ್ನ ಮನೆಯಲ್ಲಿಯೇ ಪರೀಕ್ಷೆ ಮಾಡಬಹುದು. ಹಳೆಯ ಅಂಗಿಯ ಮೇಲೆ ಜಾಕೆಟ್ ತೊಟ್ಟು, ಬೆನ್ನಿಗೆ ಐದಾರು ಕಿಲೋ ತೂಕದ ಚೀಲ ಹಾಕಿಕೊಂಡು, ಬಚ್ಚಲಮನೆಯ ಶವರಿನ ಕೆಳಗೆ ಹತ್ತು ನಿಮಿಷ ನಿಲ್ಲಿರಿ. ಭುಜ, ಕೊರಳು, ಜಿಪ್ಪಿನ ಸಾಲು ಎಲ್ಲಿ ನೆನೆಯಿತೆಂದು ನೋಡಿರಿ. ಹೊರಮೈಯಲ್ಲಿ ನೀರು ಮುತ್ತಿನಂತೆ ಉರುಳದೆ ಹರಡಿಕೊಂಡರೆ, ಸೌಮ್ಯವಾದ ಸಾಬೂನಿನಿಂದ ಒಗೆದು, ಬಟ್ಟೆಯ ಚೀಟಿಯಲ್ಲಿ ಅನುಮತಿಯಿದ್ದರೆ ಹದವಾದ ಬಿಸಿಯಲ್ಲಿ ಒಣಗಿಸಿದಾಗ ಆ ಗುಣ ಬಹುಮಟ್ಟಿಗೆ ಮರಳುತ್ತದೆ. ಬಟ್ಟೆಯನ್ನು ಮೃದುಗೊಳಿಸುವ ದ್ರವವನ್ನು ಮಾತ್ರ ಬಳಸಬಾರದು. ಹಿಂದಿನ ಲೇಪಗಳಲ್ಲಿದ್ದ ಫ್ಲೋರಿನ್ ಸಂಯುಕ್ತಗಳು ಮಣ್ಣು-ನೀರುಗಳಲ್ಲಿ ವಿಘಟನೆಗೊಳ್ಳದೆ ಉಳಿಯುವುದರಿಂದ ಹಲವು ತಯಾರಕರು ಅವನ್ನು ಕೈಬಿಡುತ್ತಿದ್ದಾರೆ. ಹೊಸ ಲೇಪಗಳು ಜಿಡ್ಡಿಗೆ ಬೇಗ ಸೋಲುತ್ತವಾದ್ದರಿಂದ ಅವುಗಳನ್ನು ಆಗಾಗ ಒಗೆಯುವುದು ಅಗತ್ಯ.

ಇವೆಲ್ಲಕ್ಕಿಂತ ಮಿಗಿಲಾಗಿ, ಒಂದು ಜೊತೆ ಒಣಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಪ್ರತಿಯೊಬ್ಬರೂ ಹೊತ್ತಿರಬೇಕು. ಮಧ್ಯಾಹ್ನದೊಳಗೆ ತಂಗುದಾಣ ಸೇರುವಂತೆ ಬೆಳಗ್ಗೆ ಬೇಗ ಹೊರಡಬೇಕು. ಹವೆ ಕೆಟ್ಟರೆ, ಜೊತೆಯವರೊಬ್ಬರು ನಡುಗಲಾರಂಭಿಸಿದರೆ, ಗುರಿ ಎಷ್ಟೇ ಹತ್ತಿರವಿದ್ದರೂ ಮೊದಲು ಆಸರೆಯನ್ನು ಹುಡುಕಬೇಕು. ಒಳ್ಳೆಯ ಮೇಲಂಗಿ ನಮಗೆ ಕೆಲವು ಗಂಟೆಗಳನ್ನು ಗಳಿಸಿಕೊಡುತ್ತದೆ. ಆ ಗಂಟೆಗಳನ್ನು ಮುಂದಕ್ಕೆ ನುಗ್ಗಲು ವ್ಯಯಿಸದೆ, ಮಾಡಿನ ಕೆಳಗೆ ಸೇರಲು ಬಳಸುವವರು ಕ್ಷೇಮವಾಗಿ ಮನೆಗೆ ಮರಳುತ್ತಾರೆ. ಬರುವ ಯಾತ್ರಾಕಾಲದಲ್ಲಿ ಹೊರಡಲಿರುವ ಎಲ್ಲ ಕುಟುಂಬಗಳೂ ಈ ವಿವೇಕದೊಡನೆ ಹೊರಟು, ಹೋದಷ್ಟೇ ಜನ ಮರಳಿ ಬರಲೆಂದು ಹಾರೈಸುತ್ತೇವೆ.