ಅಜ್ಞಾತವಾಸದ ಕಿಟಕಿ

ಭಾಲ್ಕಿಯಲ್ಲಿ ವ್ಯಾಸಂಗ ಮಾಡುತ್ತಿರುವ ನಮ್ಮ ವಾಚಕ ತರುಣರೊಬ್ಬರು ಪತ್ರ ಬರೆದು ಎರಡು ಪ್ರಶ್ನೆಗಳನ್ನು ಕೇಳಿದ್ದಾರೆ. ಅಂತರ್ಜಾಲವನ್ನು ನೋಡುವ ಬ್ರೌಸರಿನಲ್ಲಿ ಖಾಸಗಿ ಕಿಟಕಿ ಎಂಬುದೊಂದುಂಟಷ್ಟೆ. ಅದರಲ್ಲಿ ನೋಡಿದುದು ಜಗತ್ತಿನಲ್ಲಿ ಯಾರಿಗೂ ತಿಳಿಯದೆಂದು ಅವರ ಗೆಳೆಯರು ಹೇಳುತ್ತಾರಂತೆ. ಇದು ನಿಜವೆ ಎಂಬುದು ಮೊದಲನೆಯ ಪ್ರಶ್ನೆ. ಅಂಥ ಕಿಟಕಿಯನ್ನು ಬಳಸುವುದು ಮರ್ಯಾದಸ್ಥರಿಗೆ ಒಪ್ಪುವುದೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ಅಲ್ಲವೆಂದೂ, ಎರಡನೆಯದಕ್ಕೆ ಹೌದೆಂದೂ ನಮ್ಮ ಉತ್ತರ. ಇಷ್ಟರಿಂದಲೇ ಮುಗಿಸಬಹುದಾಗಿತ್ತು, ಆದರೆ ಕಳೆದ ತಿಂಗಳು ಔರಾದಿನಲ್ಲಿ ನಾವು ಕಣ್ಣಾರೆ ಕಂಡ ಒಂದು ಸಂಗತಿ ನಮ್ಮನ್ನು ಸುಮ್ಮನಿರಗೊಡದು.

ಪಹಣಿ ತೆಗೆದುಕೊಡುವ, ಅರ್ಜಿಗಳನ್ನು ತುಂಬಿಕೊಡುವ ಒಂದು ಕಂಪ್ಯೂಟರ್ ಅಂಗಡಿಗೆ ನಾವು ಕಾರ್ಯನಿಮಿತ್ತ ಹೋಗಿದ್ದೆವು. ನಮಗಿಂತ ಮುಂಚೆ ಕುಳಿತಿದ್ದ ಹುಡುಗನೊಬ್ಬನು ಯಾವುದೋ ನೌಕರಿಗೆ ಅರ್ಜಿ ಹಾಕಿ, ಹಣ ಕೊಟ್ಟು, ಬಸ್ಸು ತಪ್ಪೀತೆಂಬ ಅವಸರದಿಂದ ಎದ್ದು ಹೋದನು. ನಾವು ಆ ಕುರ್ಚಿಯಲ್ಲಿ ಕುಳಿತು ನೋಡುವಾಗ ಅವನ ಅಂಚೆಯ ಪೆಟ್ಟಿಗೆ ಹಾಗೆಯೇ ತೆರೆದಿತ್ತು. ಅವನಿಗೆ ಬಂದ ಪತ್ರಗಳು, ಅವನ ಅಂಕಪಟ್ಟಿ, ಆಧಾರ್ ಸಂಖ್ಯೆ, ಸಾಲಕ್ಕಾಗಿ ಬರೆದುಕೊಂಡ ಒಂದು ವಿನಂತಿ, ಎಲ್ಲವೂ ನಮ್ಮ ಮುಂದಿದ್ದುವು. ನಾವು ಮುಚ್ಚಿದೆವು. ನಮ್ಮ ಹಿಂದೆ ಸಾಲಿನಲ್ಲಿದ್ದ ಹತ್ತು ಮಂದಿಯೂ ಮುಚ್ಚುತ್ತಿದ್ದರೆಂದು ಹೇಳುವ ಧೈರ್ಯ ನಮಗಿಲ್ಲ.

ಆ ಹುಡುಗನು ಖಾಸಗಿ ಕಿಟಕಿಯನ್ನು ತೆರೆದು ಕೆಲಸ ಮಾಡಿ, ಏಳುವಾಗ ಅದನ್ನು ಮುಚ್ಚಿದ್ದರೆ ಈ ಅಪಾಯ ಬಹುಮಟ್ಟಿಗೆ ತಪ್ಪುತ್ತಿತ್ತು. ಸಾಮಾನ್ಯ ಕಿಟಕಿಯಲ್ಲಿ ನಾವು ಹೋಗಿಬಂದ ತಾಣಗಳ ಪಟ್ಟಿಯನ್ನು ಬ್ರೌಸರು ಬರೆದಿಡುತ್ತದೆ. ಆ ತಾಣಗಳು ಕೊಡುವ, ಕುಕ್ಕಿಗಳೆಂಬ ಗುರುತಿನ ಚೀಟಿಗಳನ್ನು ಕಾದಿಡುತ್ತದೆ. ಅರ್ಜಿಯಲ್ಲಿ ತುಂಬಿದ ಹೆಸರು ವಿಳಾಸಗಳನ್ನು ನೆನಪಿಡುತ್ತದೆ. ಖಾಸಗಿ ಕಿಟಕಿಗಳನ್ನೆಲ್ಲ ಮುಚ್ಚಿದೊಡನೆ ಈ ಮೂರೂ ಆ ಯಂತ್ರದಿಂದ ಅಳಿದುಹೋಗುತ್ತವೆ. ಕ್ರೋಮಿನಲ್ಲಿ ಕಂಟ್ರೋಲ್, ಶಿಫ್ಟ್, ಎನ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕಿಟಕಿ ತೆರೆಯುತ್ತದೆ. ಫೈರ್‌ಫಾಕ್ಸಿನಲ್ಲಿ ಎನ್‌ಗೆ ಬದಲಾಗಿ ಪಿ. ಈ ಏರ್ಪಾಡು ಹೊಸದೂ ಅಲ್ಲ. ಆಪಲ್ ಕಂಪನಿಯ ಸಫಾರಿಯಲ್ಲಿ 2005 ರಲ್ಲಿಯೇ ಬಂದಿತು. ಗೂಗಲ್ಲಿನ ಕ್ರೋಮ್ 2008 ರಲ್ಲಿ ಹುಟ್ಟುವಾಗಲೇ ಇದನ್ನು ಇನ್‌ಕಾಗ್ನಿಟೋ ಎಂಬ ಹೆಸರಿನಿಂದ ಹೊತ್ತು ತಂದಿತು.

ಆ ಹೆಸರೇ ಅನರ್ಥಕ್ಕೆ ಮೂಲವೆಂದು ನಮಗೆ ತೋರುತ್ತದೆ. ಇಟಲಿಯ ಭಾಷೆಯ ಈ ಮಾತಿಗೆ ಅಜ್ಞಾತನೆಂದು ಅರ್ಥ. ಅಜ್ಞಾತವಾಸವೆಂದರೇನೆಂಬುದನ್ನು, ಮಳೆ ಬಾರದ ವರ್ಷ ವಿರಾಟಪರ್ವವನ್ನು ಓದಿಸುವ ನಮ್ಮ ಜನರಿಗೆ ಯಾರೂ ಕಲಿಸಬೇಕಾಗಿಲ್ಲ. ಪಾಂಡವರು ಹೆಸರನ್ನು ಬದಲಿಸಿದರು, ವೇಷವನ್ನು ಬದಲಿಸಿದರು. ವಿರಾಟನ ಅರಮನೆಯವರು ಗುರುತಿಸದೆ ಹೋದರು. ಆದರೆ ಕೀಚಕನು ಸತ್ತ ರೀತಿಯ ಸುದ್ದಿ ಹಸ್ತಿನಾವತಿಗೆ ಮುಟ್ಟಿದೊಡನೆ, ಇದು ಭೀಮನ ಕೈಯಲ್ಲದೆ ಬೇರೆಯಲ್ಲವೆಂದು ದುರ್ಯೋಧನನು ಊಹಿಸಿದನು. ಹೆಸರು ಅಡಗಿತು, ಕೈ ಅಡಗಲಿಲ್ಲ. ಖಾಸಗಿ ಕಿಟಕಿಯ ವೃತ್ತಾಂತವೂ ಇದೇ. ನೀವು ಅದರೊಳಗೆ ನಿಂತು ನಿಮ್ಮ ಹೆಸರಿನ ಖಾತೆಯನ್ನು ತೆರೆದಿರೋ, ಆ ತಾಣಕ್ಕೆ ನೀವು ಯಾರೆಂಬುದು ತಿಳಿದೇ ತಿಳಿಯಿತು. ತೆರೆಯದಿದ್ದರೂ ನಿಮ್ಮ ಸಂಪರ್ಕದ ಸಂಖ್ಯೆ, ಯಂತ್ರದ ಮಾದರಿ, ಪರದೆಯ ಅಳತೆ ಇವೆಲ್ಲ ತಾಣಕ್ಕೆ ಕಾಣುತ್ತಲೇ ಇರುತ್ತವೆ. ಸಂಪರ್ಕವನ್ನು ಒದಗಿಸುವ ಕಂಪನಿಗೆ, ಒಳಗಿನ ಪುಟವು ಸಾಮಾನ್ಯವಾಗಿ ಕಾಣದಿದ್ದರೂ, ಯಾವ ತಾಣಕ್ಕೆ ಹೋದಿರೆಂಬುದು ಕಾಣುತ್ತದೆ. ಕೀಲಿ ಒತ್ತಿದುದನ್ನೆಲ್ಲ ಕದ್ದು ಬರೆದುಕೊಳ್ಳುವ ತಂತ್ರವನ್ನು ಯಾರಾದರೂ ದುರಾತ್ಮರು ಆ ಯಂತ್ರದಲ್ಲಿ ಅಡಗಿಸಿಟ್ಟಿದ್ದರೆ, ಖಾಸಗಿ ಕಿಟಕಿಯು ಅದರ ಮುಂದೆ ಕಾಗದದ ಕದವೇ ಸರಿ.

ಈ ಭ್ರಮೆಗೆ ಸಿಕ್ಕಿದವರು ನಮ್ಮ ಭಾಲ್ಕಿಯ ತರುಣರು ಮಾತ್ರವಲ್ಲ. 2020 ರ ಜೂನ್ ತಿಂಗಳಿನಲ್ಲಿ ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಗೂಗಲ್ಲಿನ ಮೇಲೆ ಒಂದು ದಾವೆ ಹೂಡಲ್ಪಟ್ಟಿತು. ಅಜ್ಞಾತರೆಂಬ ಭರವಸೆಯಿಂದ ನೋಡಿದವರ ವಿವರಗಳನ್ನು ಕಂಪನಿಯು ಸಂಗ್ರಹಿಸುತ್ತಲೇ ಇತ್ತೆಂಬುದು ವಾದಿಗಳ ಆರೋಪ. ನಾಲ್ಕು ವರ್ಷಗಳ ಮೇಲೆ, 2024 ರ ಏಪ್ರಿಲ್ ತಿಂಗಳಿನಲ್ಲಿ ಹೊರಬಿದ್ದ ರಾಜಿಯ ಕರಾರಿನ ಮೇರೆಗೆ, ಕೋಟಿ ಕೋಟಿ ಸಂಖ್ಯೆಯ ದಾಖಲೆಗಳನ್ನು ನಾಶಮಾಡಲು ಕಂಪನಿಯು ಒಪ್ಪಿಕೊಂಡಿತು. ಆ ವರ್ಷದ ಮೊದಲಲ್ಲಿಯೇ ಕಿಟಕಿಯ ಮುಖಪುಟದ ಸೂಚನೆಯನ್ನು ಸಹ ತಿದ್ದಬೇಕಾಯಿತು; ತಾಣಗಳೂ, ಗೂಗಲ್ ಸಹಿತವಾಗಿ, ವಿವರ ಸಂಗ್ರಹಿಸುವ ಕ್ರಮ ಇದರಿಂದ ಬದಲಾಗುವುದಿಲ್ಲವೆಂದು ಅದರಲ್ಲಿ ಈಗ ಸೇರಿದೆ. ಹದಿನೈದು ವರ್ಷ ಕಳೆದ ಮೇಲೆ ಹೇಳಿದ ಮಾತು! ನಮ್ಮ ಜನರು ಪೂರ್ತಿ ಓದದೆ ಮುಂದೆ ಸಾಗುವ ಪುಟ ಅದೆಂಬುದನ್ನು ಬಲ್ಲವರು ಇದಕ್ಕಾಗಿ ಹೆಚ್ಚು ಹಿಗ್ಗಲಾರರು.

ಇನ್ನು ಎರಡನೆಯ ಪ್ರಶ್ನೆ. 'ತಪ್ಪು ಮಾಡದವನಿಗೆ ಮರೆಯೇಕೆ' ಎಂಬ ಮಾತನ್ನು ಬೀದರಿನ ದೊಡ್ಡ ಮನುಷ್ಯರ ಬಾಯಿಂದಲೂ ನಾವು ಕೇಳಿದ್ದೇವೆ. ಪ್ರಶ್ನೆ ಕೇಳಿದ ತರುಣರು ಭಾಲ್ಕಿಯವರಾದುದರಿಂದ, ಉತ್ತರ ಅವರ ಊರಿನಲ್ಲಿಯೇ ಇದೆಯೆಂದು ನೆನಪುಮಾಡಿಕೊಡುವೆವು. ನಿಜಾಮರ ಆಳ್ವಿಕೆಯಲ್ಲಿ ಉರ್ದುವಿಗೆ ಮಾತ್ರ ಮನ್ನಣೆಯಿದ್ದು, ಕನ್ನಡ ಕಲಿಸುವುದೇ ಕಷ್ಟವಾಗಿದ್ದ ಕಾಲದಲ್ಲಿ, ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದುವಿನ ಫಲಕವನ್ನು ತೂಗಹಾಕಿ ಒಳಗೆ ಮಕ್ಕಳಿಗೆ ಕನ್ನಡವನ್ನು ಓದಿಸಿದರು. 1999 ರಲ್ಲಿ ಲಿಂಗೈಕ್ಯರಾದ ಆ ಪೂಜ್ಯರನ್ನು ಈ ಮರೆಗಾಗಿ ಅಪರಾಧಿಯೆಂದು ಕರೆಯುವವರು ಇಂದು ಈ ಜಿಲ್ಲೆಯಲ್ಲಿ ಯಾರಿದ್ದಾರೆ? ಈ ಪತ್ರಿಕೆಯನ್ನು ಓದುವ ಎಷ್ಟೋ ಮನೆತನಗಳ ಅಕ್ಷರಾಭ್ಯಾಸ ಆ ಫಲಕದ ಹಿಂದೆಯೇ ಆದುದು.

ಆದರೆ ಒಂದು ವ್ಯತ್ಯಾಸವನ್ನು ತರುಣರು ಚೆನ್ನಾಗಿ ಗಮನಿಸಬೇಕು. ಮಠದ ಫಲಕವು ಹೊರಗಿನ ಅಧಿಕಾರಿಯ ಕಣ್ಣಿಗೆ ಮರೆಯಾಯಿತು, ಒಳಗಿದ್ದವರೆಲ್ಲರೂ ನಮ್ಮವರು. ಬ್ರೌಸರಿನ ಕಿಟಕಿಯದು ಇದಕ್ಕೆ ತೀರ ವಿಪರೀತ. ಅದು ಮನೆಯವರ ಕಣ್ಣಿಗೆ, ಅದೇ ಯಂತ್ರದ ಮುಂದೆ ನಾಳೆ ಕೂಡುವವರ ಕಣ್ಣಿಗೆ ಮರೆಯಾಗುತ್ತದೆ; ಹೊರಗಿನ ಕಂಪನಿಗೂ ಸರಕಾರಕ್ಕೂ ಮರೆಯಾಗುವುದಿಲ್ಲ. ಯಾರಿಂದ ಮರೆ ಬೇಕೋ ಅದನ್ನು ಮೊದಲು ನಿಶ್ಚಯಿಸಿಕೊಳ್ಳದೆ ಪರದೆ ಎಳೆದುಕೊಳ್ಳುವವನು ಬೀದಿಯ ಕಡೆಯ ಬಾಗಿಲನ್ನು ತೆರೆದಿಟ್ಟು ಅಡಿಗೆಮನೆಯ ಬಾಗಿಲಿಗೆ ಅಗಳಿ ಹಾಕಿದಂತಾಗುವುದು.

ಮನೆಯೊಳಗಿನ ಮರೆ ಅಲ್ಪವಾದುದೆಂದು ನಾವು ಹೇಳುವುದಿಲ್ಲ. ನಾಲ್ಕು ಜನರಿಗೆ ಒಂದೇ ಫೋನಿರುವ ಮನೆಗಳು ಔರಾದ ತಾಲೂಕಿನ ಹಳ್ಳಿಗಳಲ್ಲಿ ಉಂಟು. ಅಂಥ ಮನೆಯ ಹೆಣ್ಣುಮಗಳು ತನ್ನ ದೇಹದ ಒಂದು ಬಾಧೆಯನ್ನು ಕುರಿತು, ಅಥವಾ ಗಂಡನ ಹೊಡೆತಕ್ಕೆ ಕಾನೂನಿನಲ್ಲಿರುವ ಪರಿಹಾರವನ್ನು ಕುರಿತು ತಿಳಿಯಬಯಸಿದರೆ ಈ ಕಿಟಕಿ ಅವಳಿಗೆ ದೊಡ್ಡ ಆಸರೆ. ಅವಳಿಗೆ ಇದನ್ನು ಕಲಿಸುವವರು ಪುಣ್ಯದ ಕೆಲಸವನ್ನೇ ಮಾಡುವರು. ಇದು ಕೇವಲ ನಮ್ಮ ಅಭಿಪ್ರಾಯವಲ್ಲ. ಖಾಸಗಿತನವು ಸಂವಿಧಾನದ 21 ನೆಯ ವಿಧಿಯಲ್ಲಿ ಅಡಕವಾದ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು 2017 ರ ಆಗಸ್ಟ್ 24 ರಂದು ಒಕ್ಕೊರಲಿನಿಂದ ತೀರ್ಪಿತ್ತರು. ಆ ಮೊಕದ್ದಮೆಯನ್ನು 2012 ರಲ್ಲಿ ತೊಡಗಿದವರು, ಕರ್ನಾಟಕದ ಉಚ್ಚ ನ್ಯಾಯಾಲಯದಿಂದ ನಿವೃತ್ತರಾಗಿದ್ದ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಎಂಬತ್ತು ದಾಟಿದ ವಯಸ್ಸಿನಲ್ಲಿ. 2024 ರಲ್ಲಿ ಅವರು ತೀರಿಕೊಂಡಾಗ ಕನ್ನಡಿಗರು ತಕ್ಕಷ್ಟು ಸ್ಮರಿಸಲಿಲ್ಲವೆಂಬ ಕೊರಗು ನಮಗಿದೆ.

ಸರಕಾರದ ಕಡೆಯ ಮಾತನ್ನೂ ಮರೆಯಬಾರದು. ಸೈಬರ್ ಕೆಫೆಗಳಿಗಾಗಿ ಕೇಂದ್ರ ಸರಕಾರವು 2011 ರಲ್ಲಿ ಮಾಡಿದ ನಿಯಮಗಳ ಮೇರೆಗೆ, ಅಂಗಡಿಯ ಯಜಮಾನನು ಬಂದವರ ಗುರುತಿನ ಪತ್ರವನ್ನು ನೋಡತಕ್ಕದ್ದು. ಅವರು ನೋಡಿದ ತಾಣಗಳ ವಿವರವನ್ನು ಒಂದು ವರ್ಷ ಕಾದಿಡತಕ್ಕದ್ದು. ಗಿರಾಕಿಗಳ ನಡುವಣ ಅಡ್ಡಗೋಡೆ ನಾಲ್ಕೂವರೆ ಅಡಿಗಿಂತ ಎತ್ತರವಾಗಿರಬಾರದು. ಅಂದಮೇಲೆ ಬೀದರಿನ ಅಂಗಡಿಯಲ್ಲಿ ಕುಳಿತು ಖಾಸಗಿ ಕಿಟಕಿಯಿಂದ ರಾಜ್ಯದ ಕಣ್ಣನ್ನು ತಪ್ಪಿಸುವೆನೆಂಬುದು ಹುಚ್ಚು. ವ್ಯಕ್ತಿಗಳ ವಿವರಗಳ ರಕ್ಷಣೆಗೆಂದು 2023 ರಲ್ಲಿ ಸಂಸತ್ತು ಒಂದು ಕಾಯಿದೆಯನ್ನು ಮಾಡಿದೆ. ಆದರೆ ಅದರಲ್ಲಿ ಸರಕಾರವು ತನಗೆ ತಾನೇ ಇಟ್ಟುಕೊಂಡ ವಿನಾಯಿತಿಗಳು ನಮಗೆ ಸಮಾಧಾನವನ್ನು ಕೊಡುವುವಲ್ಲ. ಆ ವಿಷಯವನ್ನು ಬೇರೊಂದು ದಿನ ಬರೆಯುವೆವು.

ಔರಾದಿನ ಆ ಅಂಗಡಿಗೆ ನಾವು ಈಚೆಗೆ ಮತ್ತೊಮ್ಮೆ ಹೋಗಿದ್ದೆವು. ಹಿಂದಿನ ಸಲ ನಾವು ಹೇಳಿದುದನ್ನು ಯಜಮಾನರು ಮನಸ್ಸಿಗೆ ಹಚ್ಚಿಕೊಂಡಿದ್ದಾರೆ. ಪ್ರತಿಯೊಂದು ಯಂತ್ರದ ಮೇಲೂ ಕನ್ನಡದಲ್ಲಿ ಬರೆದ ಒಂದು ಚೀಟಿ ಅಂಟಿದೆ: ಖಾಸಗಿ ಕಿಟಕಿಯನ್ನು ತೆರೆದು ಕೆಲಸ ಮಾಡಿರಿ, ಖಾತೆಯಿಂದ ಹೊರಬನ್ನಿರಿ, ಕಿಟಕಿಯನ್ನು ಮುಚ್ಚಿ ಏಳಿರಿ. ಸಂತೋಷಪಟ್ಟೆವು. ಆದರೆ ಖಾಸಗಿ ಕಿಟಕಿಯಿಂದ ಇಳಿಸಿಕೊಂಡ ಕಡತಗಳು ಕಿಟಕಿ ಮುಚ್ಚಿದರೂ ಯಂತ್ರದಲ್ಲಿಯೇ ಉಳಿಯುತ್ತವೆಂಬ ಮಾತು ಚೀಟಿಯಲ್ಲಿ ಬಿಟ್ಟುಹೋಗಿತ್ತು. ಯಜಮಾನರಿಗೆ ತೋರಿಸಿದೆವು, ಒಂದೇ ಕೋಶದಲ್ಲಿ ಎಷ್ಟೋ ಜನರ ಪಹಣಿಗಳೂ ಆಧಾರ್ ಪ್ರತಿಗಳೂ ರಾಶಿಬಿದ್ದಿದ್ದುವು. ಅವರು ನಮ್ಮೆದುರಿಗೇ ಅವನ್ನು ಅಳಿಸಿ, ಚೀಟಿಗೆ ಇನ್ನೊಂದು ಸಾಲನ್ನು ಸೇರಿಸಲು ಪೆನ್ನು ಹುಡುಕತೊಡಗಿದರು.