ಅವಿಭಾಜ್ಯ ಸಂಖ್ಯೆಗಳೂ ಅಂಕಗಳ ವಿಲೋಮವೂ

ಗಣಕಯಂತ್ರಕ್ಕೆ ಕ್ರಮವಿಧಿ ಬರೆಯಲು ಕಲಿಯುವವರ ಮುಂದಿಡುವ ಸಮಸ್ಯೆಗಳಲ್ಲಿ ಇದೊಂದು: ಒಂದು ಸಂಖ್ಯೆಯನ್ನೂ ಒಂದು ಆಧಾರವನ್ನೂ ಕೊಟ್ಟಿದೆ. ಆ ಸಂಖ್ಯೆಯು ಅವಿಭಾಜ್ಯವೆ? ಆ ಆಧಾರದಲ್ಲಿ ಬರೆದ ಅದರ ಅಂಕಗಳನ್ನು ವಿಲೋಮವಾಗಿ ಓದಿದರೆ ಬರುವ ಸಂಖ್ಯೆಯೂ ಅವಿಭಾಜ್ಯವೆ? ಎರಡೂ ಅಹುದಾದರೆ ಮಾತ್ರ ಉತ್ತರವು 'ಅಹುದು'. ಸಂಖ್ಯೆಯನ್ನೂ ಅದರ ಬರಹವನ್ನೂ ಒಂದೇ ಎಂದು ಭಾವಿಸಿದವನು ಇಲ್ಲಿ ಎಡವುವನು.

ಅವಿಭಾಜ್ಯತೆಯು ಸಂಖ್ಯೆಯ ಗುಣ. ಇಪ್ಪತ್ತಮೂರು ಕಲ್ಲುಗಳನ್ನು, ಸಾಲಿಗೆ ಒಂದಕ್ಕಿಂತ ಹೆಚ್ಚು ಕಲ್ಲಿರುವಂತೆ, ಹಲವು ಸಮಸಾಲುಗಳಾಗಿ ಜೋಡಿಸಲಾಗದು. ಅವನ್ನು ಹೇಗೆ ಬರೆದೆವೆಂಬುದು ಇದಕ್ಕೆ ಸಂಬಂಧಿಸಿದುದಲ್ಲ. ವಿಲೋಮವಾದರೋ ಬರಹದ ಗುಣ. ದಶಮಾನದಲ್ಲಿ ೨೩ ತಿರುಗಿ ೩೨ ಆಗುವುದು, ಇದು ವಿಭಾಜ್ಯ. ದ್ವಿಮಾನದಲ್ಲಿ ಅದೇ ಸಂಖ್ಯೆಯ ರೂಪ ೧೦೧೧೧, ತಿರುಗಿಸಿದರೆ ೧೧೧೦೧, ಎಂದರೆ ೨೯, ಇದು ಅವಿಭಾಜ್ಯ. ತ್ರಿಮಾನದಲ್ಲಿ ಅದು ೨೧೨. ಎತ್ತಣಿಂದ ಓದಿದರೂ ಅದೇ. 'ಇಪ್ಪತ್ತಮೂರು' ಎಂಬ ನಮ್ಮ ಹೆಸರೇ ಹತ್ತನ್ನು ಒಡಲಲ್ಲಿ ಇಟ್ಟುಕೊಂಡಿರುವುದರಿಂದ ಈ ಭೇದವು ಬೇಗನೆ ತೋರದು.

ಸಾಧನಕ್ರಮವು ಸುಲಭ. ಸಂಖ್ಯೆಯನ್ನು ಆಧಾರದಿಂದ ಮತ್ತೆ ಮತ್ತೆ ಭಾಗಿಸಿದರೆ ಶೇಷಗಳು ಕೊನೆಯ ಅಂಕದಿಂದ ಮೊದಲ್ಗೊಂಡು ಬರುವುವು. ೨೩ಕ್ಕೆ ೨ರಿಂದ ಬರುವ ಶೇಷಗಳು ೧, ೧, ೧, ೦, ೧. ಸೊನ್ನೆಯಿಂದ ಪ್ರಾರಂಭಿಸಿ, ಕೈಯಲ್ಲಿರುವುದನ್ನು ಆಧಾರದಿಂದ ಗುಣಿಸಿ ಶೇಷವನ್ನು ಕೂಡಿಸುತ್ತ ಹೋದರೆ ೧, ೩, ೭, ೧೪, ೨೯ ಎಂದಾಗುವುದು. ಅಂಕಗಳನ್ನು ಬರೆದಿಟ್ಟು ತಿರುಗಿಸುವ ಶ್ರಮವೇ ಬೇಡ. ಇನ್ನು ಪರೀಕ್ಷೆ: ವರ್ಗವು ೨೯ನ್ನು ಮೀರದ ಭಾಜಕಗಳನ್ನು, ಎಂದರೆ ೨ರಿಂದ ೫ರವರೆಗೆ, ನೋಡಿದರೆ ಸಾಕು.

ಛಂದಸ್ಸನ್ನು ಬಲ್ಲವರಿಗೆ ಈ ವಿಲೋಮವು ಹೊಸದಲ್ಲ. ಪ್ರಸ್ತಾರದಲ್ಲಿ ಒಂದು ಭೇದವು ಎಷ್ಟನೆಯದೆಂದು ತಿಳಿಯಲು ಕೇದಾರಭಟ್ಟನ ವೃತ್ತರತ್ನಾಕರದಲ್ಲಿ ಹೇಳಿರುವ ಉದ್ದಿಷ್ಟಕ್ರಮದಂತೆ, ಅಕ್ಷರಗಳ ಮೇಲೆ ಮೊದಲಿನಿಂದ ೧, ೨, ೪, ೮, ೧೬ ಎಂದು ಇಮ್ಮಡಿಸುತ್ತ ಬರೆದು, ಲಘುಗಳ ಮೇಲಣ ಅಂಕಗಳನ್ನು ಕೂಡಿಸಿ, ಒಂದನ್ನು ಸೇರಿಸಬೇಕು. ೧ನ್ನು ಲಘುವೆಂದೂ ೦ಯನ್ನು ಗುರುವೆಂದೂ ಕೊಂಡರೆ ೧೦೧೧೧ರ ಮೊತ್ತವು ೨೯, ಭೇದವು ೩೦ನೆಯದು. ನಾವು ಬಲದಿಂದ ಎಣಿಸುವ ಸ್ಥಾನಗಳನ್ನು ಛಾಂದಸನು ಎಡದಿಂದ ಎಣಿಸಿದನು. ಅವನಿಗೆ ಅವಿಭಾಜ್ಯಗಳ ಗೊಡವೆ ಇರಲಿಲ್ಲ. ಆ ಕೀರ್ತಿಯನ್ನು ಅವನ ಮೇಲೆ ಹೊರಿಸುವುದು ನ್ಯಾಯವಲ್ಲ.

ಒಂದು ಎಚ್ಚರಿಕೆ. ೨ ಅವಿಭಾಜ್ಯ, ದ್ವಿಮಾನದಲ್ಲಿ ಅದು ೧೦, ವಿಲೋಮವು ೦೧, ಎಂದರೆ ೧. ಒಂದು ಅವಿಭಾಜ್ಯವಲ್ಲ. ಆದರೆ ಅದಕ್ಕೆ ಪರೀಕ್ಷಿಸಬೇಕಾದ ಭಾಜಕವೇ ಇಲ್ಲವಾದುದರಿಂದ, ಅದನ್ನು ಮೊದಲೇ ಬೇರ್ಪಡಿಸದ ಕ್ರಮವಿಧಿಯು 'ಅಹುದು' ಎಂದೇ ಹೇಳಿಬಿಡುವುದು.